ನೆನೆದ ಪುಸ್ತಕ ಸತ್ತ ಪುಸ್ತಕವಲ್ಲ



ನಮ್ಮ ಬೀದರ್ ಸೀಮೆಯ ಹಳೆಯ ಮನೆಗಳ ಮಳೆಗಾಲ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಎರಡು ದಿನ ಬಿಡದೆ ಮಳೆ ಹಿಡಿದರೆ ಎಲ್ಲೋ ಒಂದು ಮೂಲೆಯಲ್ಲಿ ಸೋರಲು ತೊಡಗುತ್ತದೆ. ಸೋರುವ ಕಡೆ ಪಾತ್ರೆ ಇಡುತ್ತೇವೆ, ಹಾಸಿಗೆ ಸರಿಸುತ್ತೇವೆ, ಜೋಳದ ಚೀಲ, ತೊಗರಿಯ ಚೀಲ ಎತ್ತಿಡುತ್ತೇವೆ. ಗೋಡೆಯ ತಾಖಿನಲ್ಲಿಟ್ಟ ಪುಸ್ತಕಗಳೂ ಮಂಚದ ಕೆಳಗಿನ ಸಂದೂಕದಲ್ಲಿರುವ ಕಾಗದ ಪತ್ರಗಳೂ ನೆನಪಾಗುವುದು ಮಳೆ ನಿಂತ ಮೇಲೆ.

ಆಗ ನಾವು ಮಾಡುವುದೇನು? ಕೆಲವರು ಒದ್ದೆ ಪುಸ್ತಕವನ್ನು ಒಯ್ದು ಮಾಳಿಗೆಯ ಮೇಲೆ ಸುಡುಬಿಸಿಲಿಗೆ ಹರಡುತ್ತಾರೆ. ಕೆಲವರು ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ ಬಿಡಿಸಲು ಕೂರುತ್ತಾರೆ. ಕೆಲವರು ಇಸ್ತ್ರಿ ಹಾಕುತ್ತಾರೆ. ಇನ್ನು ಕೆಲವರು ಇದರಲ್ಲಿ ಉಳಿದದ್ದೇನು ಎಂದು ರದ್ದಿಗೆ ಹಾಕಿಬಿಡುತ್ತಾರೆ. ಮುಸ್‌ಹಫ್ ಆಗಿದ್ದರೆ ಖಬರಸ್ಥಾನದ ಮೂಲೆಯಲ್ಲಿ ದಫನ್ ಮಾಡಿಸುತ್ತಾರೆ ಅಥವಾ ಹಳೆಯ ಬಾವಿಗೆ ಬಿಡುತ್ತಾರೆ. ಇವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸಗಳು. ಆದರೆ ನೀರಿನಿಂದ ಆಗದ ಹಾನಿ ಎಷ್ಟೋ ಸಲ ಈ ಕೆಲಸಗಳಿಂದಲೇ ಆಗುತ್ತದೆ.

ದೊಡ್ಡ ದೊಡ್ಡ ಗ್ರಂಥಾಲಯಗಳನ್ನು ಕಾಯುವವರು ಪ್ರವಾಹಗಳಿಂದಲೂ ಬೆಂಕಿಗಳಿಂದಲೂ ಕಲಿತ ಒಂದು ಸಂಗತಿಯಿದೆ. ಒದ್ದೆಯಾದ ಪುಸ್ತಕ ಉಳಿಯುವುದೋ ಹೋಗುವುದೋ ಎಂಬುದು ಮೊದಲ ಎರಡು ದಿನಗಳಲ್ಲಿ ತೀರ್ಮಾನವಾಗುತ್ತದೆ. ಆ ಎರಡು ದಿನ ಏನು ಮಾಡಬೇಕೆಂದು ಮಳೆಗೆ ಮೊದಲೇ ತಿಳಿದಿರಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಅಡುಗೆ ಮನೆ ನಡೆಸುವಷ್ಟು ಮುಂದಾಲೋಚನೆ ಇದ್ದರೆ ಸಾಕು. ಅದು ನಿಮ್ಮಲ್ಲಿ ಧಾರಾಳವಾಗಿದೆ.

ಗಾವಾನರ ಮದ್ರಸ ಕಲಿಸುವ ಪಾಠ

ಕಮಠಾಣದಿಂದ ಬೀದರಿಗೆ ಹೋದವರು ಚೌಬಾರಾದಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗಾವಾನರ ಮದ್ರಸ ಎದುರಾಗುತ್ತದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ವಜೀರರಾದ ಖ್ವಾಜಾ ಮಹಮೂದ್ ಗಾವಾನರು 1472ರಲ್ಲಿ ಕಟ್ಟಿಸಿದ ವಿದ್ಯಾಲಯವಿದು. ಮೂರು ಅಂತಸ್ತು, ಪಾಠದ ಕೋಣೆಗಳು, ಮಸೀದಿ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಸತಿ, ಜೊತೆಗೆ ಒಂದು ಗ್ರಂಥಾಲಯ. ಅದರಲ್ಲಿ 3000 ಪುಸ್ತಕಗಳಿದ್ದವೆಂದು ಇತಿಹಾಸಕಾರರು ಬರೆದಿದ್ದಾರೆ. ಅಚ್ಚಿನ ಯಂತ್ರ ನಮ್ಮ ನಾಡನ್ನು ಮುಟ್ಟದ ಕಾಲವದು. ಆ 3000 ಪುಸ್ತಕಗಳಲ್ಲಿ ಪ್ರತಿಯೊಂದನ್ನೂ ಯಾರೋ ಕುಳಿತು ಕೈಯಿಂದ ಬರೆದಿದ್ದರು.

ಗಾವಾನರನ್ನು 1481ರಲ್ಲಿ ಒಂದು ಸುಳ್ಳು ಪತ್ರದ ಆಧಾರದ ಮೇಲೆ ಕೊಲ್ಲಿಸಲಾಯಿತು. 1657ರಲ್ಲಿ ಬೀದರ್ ಮೊಘಲರ ಕೈಸೇರಿತು. ಆ ಬಳಿಕ ಮದ್ರಸದ ಕೋಣೆಗಳಲ್ಲಿ ಸೈನಿಕರು ತಂಗತೊಡಗಿದರು. ಕೆಲವು ಕೋಣೆಗಳಲ್ಲಿ ತೋಪಿನ ಮದ್ದು ತುಂಬಿಡಲಾಯಿತು. 1696ರಲ್ಲಿ ಆ ಮದ್ದು ಸಿಡಿಯಿತು. ಸಿಡಿಲು ಬಡಿದು ಕಿಡಿ ತಗುಲಿತೆಂದು ಹೇಳುತ್ತಾರೆ. ಮುಂಭಾಗದ ಒಂದು ಮಿನಾರವೂ ಕಟ್ಟಡದ ದೊಡ್ಡ ಭಾಗವೂ ಕುಸಿದವು. ನೀಲಿ ಹಸಿರು ಹೆಂಚಿನ ಇನ್ನೊಂದು ಮಿನಾರ ಒಂಟಿಯಾಗಿ ಇಂದಿಗೂ ನಿಂತಿದೆ. ಪುಸ್ತಕಗಳ ಪೈಕಿ ಒಂದು ಹಾಳೆಯೂ ಅಲ್ಲಿಲ್ಲ.

ಸಹೋದರಿಯರೇ, ಸಿಡಿಲನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ವಿದ್ಯಾಲಯದ ಕೋಣೆಯಲ್ಲಿ ಮದ್ದು ಇಟ್ಟವರು ಮನುಷ್ಯರೇ. ಪುಸ್ತಕಕ್ಕೆ ಬರುವ ಆಪತ್ತುಗಳಲ್ಲಿ ಹೆಚ್ಚಿನವು ಹೀಗೆಯೇ. ಅದನ್ನು ಎಲ್ಲಿಟ್ಟಿದ್ದೇವೆ, ಅದರ ಪಕ್ಕದಲ್ಲಿ ಏನಿಟ್ಟಿದ್ದೇವೆ ಎಂಬಲ್ಲಿಂದ ಅವು ಶುರುವಾಗುತ್ತವೆ. ನಿಮ್ಮ ಮನೆಯ ಪುಸ್ತಕದ ಕಪಾಟಿನ ಪಕ್ಕದಲ್ಲಿ ಏನಿದೆ? ಇನ್ವರ್ಟರ್ ಬ್ಯಾಟರಿಯೇ? ಹೆಚ್ಚುವರಿ ಗ್ಯಾಸ್ ಸಿಲಿಂಡರೇ? ಬಚ್ಚಲಿನ ಒದ್ದೆ ಗೋಡೆಯೇ? ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ.

ಹಫ್ಸಾ(ರ)ರ ಮನೆಯಲ್ಲಿದ್ದ ಹಾಳೆಗಳು

ಆಪತ್ತು ಬರುವ ಮೊದಲೇ ಗ್ರಂಥವನ್ನು ಕಾಯುವುದು ನಮಗೆ ಹೊಸ ವಿಚಾರವಲ್ಲ. ಪ್ರವಾದಿ(ಸ)ರ ನಿಧನದ ನಂತರ ಯಮಾಮದ ಯುದ್ಧದಲ್ಲಿ ಕುರ್‌ಆನನ್ನು ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದರು. ಹೀಗೆಯೇ ಮುಂದುವರಿದರೆ ಏನು ಗತಿ ಎಂದು ಚಿಂತಿಸಿದವರು ಹಝ್ರತ್ ಉಮರ್(ರ). ಅವರ ಒತ್ತಾಯದಿಂದ ಖಲೀಫಾ ಅಬೂಬಕ್ಕರ್(ರ)ರು ಝೈದ್ ಬಿನ್ ಸಾಬಿತ್(ರ)ರಿಗೆ ಕುರ್‌ಆನಿನ ಬರಹಗಳನ್ನು ಒಂದೆಡೆ ಸೇರಿಸುವ ಹೊಣೆ ವಹಿಸಿದರು. ಆ ಹಾಳೆಗಳು ಅಬೂಬಕ್ಕರ್(ರ)ರ ಬಳಿ ಇದ್ದವು, ಬಳಿಕ ಉಮರ್(ರ)ರ ಬಳಿ, ಅವರ ನಂತರ ಅವರ ಮಗಳು ಉಮ್ಮುಲ್ ಮೂಮಿನೀನ್ ಹಝ್ರತ್ ಹಫ್ಸಾ(ರ)ರ ಬಳಿ.

ಮುಂದೆ ಉಸ್ಮಾನ್(ರ)ರು ಪ್ರತಿಗಳನ್ನು ಬರೆಯಿಸಬೇಕಾದಾಗ ಆಳನ್ನು ಕಳುಹಿಸಿದ್ದು ಹಫ್ಸಾ(ರ)ರ ಮನೆಗೆ. ಬರೆದು ಮುಗಿದ ಮೇಲೆ ಮೂಲ ಹಾಳೆಗಳನ್ನು ಅವರಿಗೇ ಹಿಂದಿರುಗಿಸಲಾಯಿತು. ಪ್ರತಿಗಳನ್ನು ಬೇರೆ ಬೇರೆ ಪ್ರಾಂತಗಳಿಗೆ ಕಳುಹಿಸಲಾಯಿತು.

ಈ ಇತಿಹಾಸದಲ್ಲಿ ಇಂದಿನ ಗ್ರಂಥಾಲಯ ಶಾಸ್ತ್ರ ಹೇಳುವ ಮೂರೂ ಮಾತುಗಳಿವೆ. ನಷ್ಟವಾಗುವ ಮೊದಲೇ ಎಚ್ಚರವಾಗುವುದು, ಒಬ್ಬರು ಹೊಣೆ ಹೊತ್ತು ಕಾಯುವುದು, ಒಂದೇ ಪ್ರತಿಯನ್ನು ನೆಚ್ಚಿಕೊಳ್ಳದೆ ಹಲವು ಪ್ರತಿಗಳನ್ನು ಹಲವು ಕಡೆ ಇಡುವುದು. ಆ ಹೊಣೆಯನ್ನು ಹೊತ್ತು ಕಾದವರಲ್ಲಿ ಒಬ್ಬ ಮಹಿಳೆ ಇದ್ದರೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕು.

ಬಸ್ರಾದ ಆಲಿಯಾ

ನಮ್ಮ ಕಾಲದ ಒಂದು ಉದಾಹರಣೆಯನ್ನೂ ಕೇಳಿ. 2003ರಲ್ಲಿ ಇರಾಕಿನ ಮೇಲೆ ಯುದ್ಧ ಎರಗಿದಾಗ ಬಸ್ರಾ ನಗರದ ಕೇಂದ್ರ ಗ್ರಂಥಾಲಯದ ಮುಖ್ಯಸ್ಥೆಯಾಗಿದ್ದವರು ಆಲಿಯಾ ಮುಹಮ್ಮದ್ ಬಾಕಿರ್. ಪುಸ್ತಕಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲು ಅವರು ಅಧಿಕಾರಿಗಳ ಅನುಮತಿ ಕೇಳಿದರು. ಸಿಗಲಿಲ್ಲ. ಆಗ ದಿನವೂ ಕೆಲವಷ್ಟು ಪುಸ್ತಕಗಳನ್ನು ತಮ್ಮ ಮನೆಗೆ ಒಯ್ಯತೊಡಗಿದರು. ಯುದ್ಧ ನಗರದೊಳಕ್ಕೆ ಬಂದಾಗ ನೆರೆಹೊರೆಯವರನ್ನು ಕರೆದರು. ಚೀಲಗಳಲ್ಲಿ, ಕಿಟಕಿಯ ಪರದೆಗಳಲ್ಲಿ ಪುಸ್ತಕಗಳನ್ನು ಕಟ್ಟಿ ಗೋಡೆಯಾಚೆ ಪಕ್ಕದ ಹೋಟೆಲಿಗೆ ದಾಟಿಸಿದರು. ಕೆಲವೇ ದಿನಗಳಲ್ಲಿ ಗ್ರಂಥಾಲಯ ಸುಟ್ಟು ಹೋಯಿತು. ಅಷ್ಟರಲ್ಲಿ ಸುಮಾರು 30,000 ಪುಸ್ತಕಗಳು ಹೊರಗೆ ಬಂದಿದ್ದವು. ಅಲ್ಲಿದ್ದ ಸಂಗ್ರಹದ ಹೆಚ್ಚಿನ ಪಾಲು ಅದು.

ಎಲ್ಲವನ್ನೂ ಉಳಿಸುವುದು ಆಲಿಯಾರಿಗೆ ಸಾಧ್ಯವಿರಲಿಲ್ಲ. ಮೊದಲು ಯಾವುದನ್ನು ಎತ್ತಬೇಕು, ಯಾರನ್ನು ಕರೆಯಬೇಕು, ಎಲ್ಲಿಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಅವರ ಬಳಿ ಉತ್ತರವಿತ್ತು. ನಮ್ಮ ಬಳಿ ಇದೆಯೇ?

ನೀರು ಪುಸ್ತಕಕ್ಕೆ ಏನು ಮಾಡುತ್ತದೆ?

ಕಾಗದ ನೀರು ಕುಡಿದು ಉಬ್ಬುತ್ತದೆ. ಕಪಾಟಿನಲ್ಲಿ ಬಿಗಿಯಾಗಿ ಜೋಡಿಸಿದ ಪುಸ್ತಕಗಳು ಉಬ್ಬಿದರೆ ಒಂದನ್ನೊಂದು ನೂಕಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಕಾಗದಕ್ಕೆ ಶಕ್ತಿ ಇರುವುದಿಲ್ಲ. ಒಣಗಿದ್ದಾಗ ಎಳೆದರೂ ಹರಿಯದ ಹಾಳೆ ಒದ್ದೆಯಾದಾಗ ಬೆರಳು ತಾಗಿದರೆ ಹರಿಯುತ್ತದೆ.

ಶಾಯಿಗಳೂ ಒಂದೇ ರೀತಿಯವಲ್ಲ. ಅಚ್ಚಾದ ಪುಸ್ತಕಗಳ ಶಾಯಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ನೀರಿಗೆ ಕರಗುವುದಿಲ್ಲ. ಜೆರಾಕ್ಸ್ ಪ್ರತಿಯೂ ತಾಳುತ್ತದೆ. ಬಾಲ್‌ಪೆನ್ನಿನ ಬರಹ ಬಹುಮಟ್ಟಿಗೆ ಉಳಿಯುತ್ತದೆ. ಫೌಂಟನ್ ಪೆನ್ನಿನ ಬರಹ, ರಬ್ಬರ್ ಮೊಹರು, ಮನೆಯ ಇಂಕ್‌ಜೆಟ್ ಪ್ರಿಂಟರಿನ ಪ್ರತಿ ಬೇಗ ಕದಡುತ್ತವೆ. ಹಳೆಯ ಕೈಬರಹಗಳ ಕಪ್ಪು ಶಾಯಿಯನ್ನು ಕಾಡಿಗೆ ಮತ್ತು ಗೋಂದು ಕಲಸಿ ಮಾಡುತ್ತಿದ್ದರು. ನೀರು ತಗುಲಿದರೆ ಗೋಂದು ಮೆತ್ತಗಾಗಿ ಅಕ್ಷರ ಕೈಗೆ ಅಂಟಿ ಬರುತ್ತದೆ. ಆದ್ದರಿಂದ ಒದ್ದೆ ಬರಹದ ಮೇಲೆ ಬೆರಳಾಡಿಸಬೇಡಿ, ಬಟ್ಟೆಯಿಂದ ಒರೆಸಬೇಡಿ.

ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ನಮ್ಮ ಮಳೆಗಾಲದ ಬೆಚ್ಚನೆಯ ತೇವದಲ್ಲಿ ಒದ್ದೆ ಕಾಗದಕ್ಕೆ ಬೂಷ್ಟು ಹತ್ತಲು 48ರಿಂದ 72 ಗಂಟೆ ಸಾಕು. ಮೊದಲ ಎರಡು ದಿನ ಎಂದು ನಾನು ಹೇಳಿದ್ದು ಇದೇ ಕಾರಣಕ್ಕೆ.

ಮೊದಲ ಗಂಟೆಗಳಲ್ಲಿ

ಮನೆಯೊಳಗೆ ನೀರು ನುಗ್ಗಿದ್ದರೆ ಮೊದಲು ವಿದ್ಯುತ್ತಿನ ಮೇನ್ ಸ್ವಿಚ್ ಬಂದ್ ಮಾಡಿಸಿ. ಸ್ವಿಚ್ಚಿನ ಹತ್ತಿರವೇ ನೀರು ನಿಂತಿದ್ದರೆ ನೀವು ಮುಟ್ಟಬೇಡಿ, ಲೈನ್‌ಮ್ಯಾನ್‌ಗೆ ಹೇಳಿ. ಜೀವಕ್ಕಿಂತ ಮಿಗಿಲಾದ ಪುಸ್ತಕ ಯಾವುದೂ ಇಲ್ಲ. ಚರಂಡಿಯ ನೀರು ಬೆರೆತಿದ್ದರೆ ಕೈಗೆ ರಬ್ಬರ್ ಗ್ಲೌಸ್ ಇರಲಿ.

ಆಮೇಲೆ ಒದ್ದೆ ಪುಸ್ತಕಗಳನ್ನು ಒಣಗಿದವುಗಳಿಂದ ಬೇರ್ಪಡಿಸಿ. ಎರಡೂ ಕೈ ಕೆಳಗೆ ಕೊಟ್ಟು, ಮಲಗಿದ ಕೂಸನ್ನು ಎತ್ತುವಂತೆ ಎತ್ತಿ. ಬೆನ್ನು ಹಿಡಿದು ಎಳೆಯಬೇಡಿ. ಮುಚ್ಚಿದ ಪುಸ್ತಕವನ್ನು ತೆರೆಯಬೇಡಿ. ತೆರೆದು ಬಿದ್ದಿರುವುದನ್ನು ಮುಚ್ಚಬೇಡಿ. ಹಿಂಡಬೇಡಿ. ಕೆಸರು ಹತ್ತಿದ್ದರೆ ಪುಸ್ತಕವನ್ನು ಮುಚ್ಚಿ ಹಿಡಿದು ಬುಟ್ಟಿಯ ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬಹುದು, ತಿಕ್ಕಬಾರದು. ಕೈಬರಹದ ಪುಸ್ತಕಕ್ಕೆ ಇದನ್ನೂ ಮಾಡಬೇಡಿ. ಅದರ ಕೆಸರು ಒಣಗಲಿ, ನಂತರ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬಹುದು.

ಒಣಗಿಸುವ ಬಗೆ

ಒಣಗಿಸಲು ಬೇಕಾದದ್ದು ನೆರಳು ಮತ್ತು ಗಾಳಿ. ಬಿಸಿಲು, ಇಸ್ತ್ರಿ, ಕೂದಲು ಒಣಗಿಸುವ ಬಿಸಿ ಯಂತ್ರ ಯಾವುದೂ ಬೇಡ. ಬಿಸಿಗೆ ಹೊರಗಿನ ಹಾಳೆಗಳು ಸುಕ್ಕಾಗಿ ಮುರುಟುತ್ತವೆ, ಒಳಗಿನವು ಒದ್ದೆಯಾಗಿಯೇ ಉಳಿಯುತ್ತವೆ. ಕೋಣೆಯ ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಹಾಕಿ. ಟೇಬಲ್ ಫ್ಯಾನ್ ಇದ್ದರೆ ಗೋಡೆಯ ಕಡೆಗೆ ತಿರುಗಿಸಿಡಿ, ಗಾಳಿ ನೇರವಾಗಿ ಹಾಳೆಗಳಿಗೆ ಬಡಿಯದಿರಲಿ.

ನೀರು ಸೋರುವಷ್ಟು ನೆನೆದ ಪುಸ್ತಕವನ್ನು ಮೊದಲು ಹೀರುವ ಬಟ್ಟೆಯ ಮೇಲೆ ಮಲಗಿಸಿ. ತಾನಾಗಿ ತೆರೆದುಕೊಳ್ಳುವ ಕಡೆಗಳಲ್ಲಿ ಮಾತ್ರ, 20-30 ಹಾಳೆಗೊಂದರಂತೆ, ಬಿಳಿ ಕಾಗದ ಅಥವಾ ಬಣ್ಣ ಬಿಡದ ಹಳೆಯ ಮಲ್ಮಲ್ ಬಟ್ಟೆಯ ತುಂಡು ಇಡಿ. ಜಾಸ್ತಿ ತುರುಕಿದರೆ ಬೆನ್ನು ಬಿರಿಯುತ್ತದೆ. ಎರಡು ಗಂಟೆಗೊಮ್ಮೆ ಇವುಗಳನ್ನು ಬದಲಿಸಿ. ಒಳಗಿಡಲು ಸುದ್ದಿಪತ್ರಿಕೆ ಬೇಡ, ಅದರ ಮಸಿ ನಿಮ್ಮ ಪುಸ್ತಕಕ್ಕೆ ಹತ್ತುತ್ತದೆ. ತೇವ ಕಡಿಮೆಯಾದ ಮೇಲೆ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ ಹಾಳೆಗಳನ್ನು ಬೀಸಣಿಗೆಯಂತೆ ಸ್ವಲ್ಪವೇ ಅರಳಿಸಿ.

ಒಣಗಿತೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಹಾಳೆಯನ್ನು ಮುಂಗೈಗೆ ತಾಗಿಸಿ. ತಣ್ಣಗೆ ಅನಿಸಿದರೆ ಇನ್ನೂ ತೇವವಿದೆ. ಪೂರ್ತಿ ಒಣಗಿದ ಮೇಲೆ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿದರೆ ಸುಕ್ಕು ಬಹಳಷ್ಟು ಹೋಗುತ್ತದೆ. ದಪ್ಪ ಪುಸ್ತಕಕ್ಕೆ ವಾರಕ್ಕೂ ಹೆಚ್ಚು ಬೇಕಾಗಬಹುದು. ಸಬರ್ ಇರಲಿ.

ಮಿನುಗುವ ನಯ ಕಾಗದದ ಪುಸ್ತಕಗಳ ವಿಷಯ ಬೇರೆ. ಬಣ್ಣದ ಚಿತ್ರಗಳಿರುವ ಪುಸ್ತಕಗಳು, ಆರ್ಟ್ ಪೇಪರಿನ ಮುಸ್‌ಹಫ್‌ಗಳು ಈ ಜಾತಿಯವು. ಒದ್ದೆಯಾಗಿರುವಾಗ ಇವುಗಳ ಹಾಳೆ ಬಿಡಿಸಬಹುದು. ಅಂಟಿಕೊಂಡು ಒಣಗಿದರೆ ಕಲ್ಲಿನಂತಾಗುತ್ತವೆ, ಮತ್ತೆ ಬಿಡಿಸಲಾಗದು. ಆದ್ದರಿಂದ ಮೊದಲ ಕೈ ಇವುಗಳಿಗೆ ಹಾಕಿ. ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ಇಡಿ.

ಫೋಟೋಗಳೂ ಹಾಗೆಯೇ. ಆಲ್ಬಂನಲ್ಲಿ ಅಂಟಿದ ಫೋಟೋಗಳನ್ನು ಒಣ ಕೈಯಿಂದ ಕೀಳಬೇಡಿ. ತಣ್ಣನೆಯ ಶುದ್ಧ ನೀರಿನಲ್ಲಿ ನೆನೆಸಿದರೆ ತಾವಾಗಿಯೇ ಸಡಿಲವಾಗುತ್ತವೆ. ಆಮೇಲೆ ಚಿತ್ರದ ಮುಖ ಮೇಲಾಗಿ ಮಲಗಿಸಿ ಅಥವಾ ಬಟ್ಟೆಯ ಕ್ಲಿಪ್ಪಿನಿಂದ ಅಂಚು ಹಿಡಿಸಿ ನೆರಳಲ್ಲಿ ತೂಗುಹಾಕಿ.

ಫ್ರೀಝರಿನಲ್ಲಿ ಪುಸ್ತಕ!

ಪುಸ್ತಕಗಳು ಬಹಳವಿದ್ದು, ಮಳೆಯೂ ನಿಲ್ಲದಿದ್ದರೆ? ಇಲ್ಲಿ ಜಗತ್ತು ಕಲಿತ ಒಂದು ಉಪಾಯವನ್ನು ಹೇಳುತ್ತೇನೆ, ನಗಬೇಡಿ.

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿ ಉಕ್ಕಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಎಲ್ಲೆಲ್ಲಿಂದಲೋ ಬಂದ ಯುವಕ ಯುವತಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಹೊಗೆಸೊಪ್ಪು ಒಣಗಿಸುವ ಮನೆಗಳಿಗೂ ಪುಸ್ತಕಗಳನ್ನು ಒಯ್ದು ಒಣಗಿಸಿದರು. ಪುಸ್ತಕ ಸಂರಕ್ಷಣೆಯ ಇಂದಿನ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಆ ಕೆಸರಿನಿಂದಲೇ. ಇಪ್ಪತ್ತು ವರ್ಷಗಳ ನಂತರ, 1986ರ ಏಪ್ರಿಲ್ 29ರಂದು, ಅಮೆರಿಕದ ಲಾಸ್ ಏಂಜಲಿಸ್ ಕೇಂದ್ರ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 4 ಲಕ್ಷ ಪುಸ್ತಕಗಳು ನಾಶವಾದವು. ಇನ್ನೂ 7 ಲಕ್ಷದಷ್ಟು ನೀರು ಮತ್ತು ಹೊಗೆಯಿಂದ ಕೆಟ್ಟವು. ಜನರು ಒದ್ದೆ ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಆಹಾರ ಪದಾರ್ಥಗಳ ಕೋಲ್ಡ್ ಸ್ಟೋರೇಜುಗಳಿಗೆ ಸಾಗಿಸಿ ಹೆಪ್ಪುಗಟ್ಟಿಸಿದರು. ಬಳಿಕ ಸಾವಕಾಶವಾಗಿ ಒಣಗಿಸಿದರು.

ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದು ನಿಲ್ಲುತ್ತದೆ. ಪುಸ್ತಕ ಗುಣವಾಗುವುದಿಲ್ಲ, ಆದರೆ ನಮಗೆ ಸಮಯ ಸಿಗುತ್ತದೆ. ದೊಡ್ಡ ಗ್ರಂಥಾಲಯಗಳಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ ಬೇಕು. ನಾಲ್ಕಾರು ಪುಸ್ತಕಗಳಿಗೆ ಮನೆಯ ಫ್ರೀಝರೂ ನೆರವಾಗುತ್ತದೆ. ಪ್ರತಿ ಪುಸ್ತಕವನ್ನು ಬಟರ್ ಪೇಪರಿನಲ್ಲಿ ಸುತ್ತಿ, ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೆನ್ನು ಕೆಳಗಾಗಿ ಇಡಿ. ದೀನಿ ಪುಸ್ತಕವಾದರೆ ಫ್ರೀಝರಿನಿಂದ ಮಾಂಸವನ್ನು ತೆಗೆದು ಒರೆಸಿ, ನಂತರ ಇಡಿ. ಮಳೆ ನಿಂತ ಮೇಲೆ ಒಂದೊಂದನ್ನೇ ಹೊರತೆಗೆದು ಮೇಲೆ ಹೇಳಿದಂತೆ ಒಣಗಿಸಿ. ಫೋಟೋಗಳನ್ನೂ, ಚರ್ಮದ ರಟ್ಟು ಅಥವಾ ಚಿನ್ನದ ಅಲಂಕಾರವಿರುವ ಹಳೆಯ ಗ್ರಂಥಗಳನ್ನೂ ಮಾತ್ರ ತಜ್ಞರನ್ನು ಕೇಳದೆ ಫ್ರೀಝರಿಗೆ ಹಾಕಬೇಡಿ.

ಮುಸ್‌ಹಫ್ ಒದ್ದೆಯಾದರೆ

ಮೊದಲನೆಯದಾಗಿ, ಹಿಂಜರಿಕೆ ಬಿಡಿ. ವುಝೂ ಇಲ್ಲ, ಅಥವಾ ನಮಾಝ್ ಇಲ್ಲದ ದಿನಗಳು ಎಂದು ಕೆಲವು ಸಹೋದರಿಯರು ದೂರ ನಿಂತು ಗಂಡಸರನ್ನು ಕಾಯುತ್ತಾರೆ. ಬೆಂಕಿ, ನೀರು ಅಥವಾ ಅಶುದ್ಧಿಯಿಂದ ಮುಸ್‌ಹಫ್‌ಗೆ ಅಪಾಯ ಒದಗಿದಾಗ ಯಾವ ಸ್ಥಿತಿಯಲ್ಲಿರುವವರೂ ಅದನ್ನು ಎತ್ತಿ ರಕ್ಷಿಸಬಹುದು, ರಕ್ಷಿಸಲೇಬೇಕು ಎಂದು ಫಿಕ್‌ಹ್‌ನ ವಿದ್ವಾಂಸರು ಹೇಳಿದ್ದಾರೆ. ಕೈಗೆ ಶುದ್ಧ ಬಟ್ಟೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅದಕ್ಕಾಗಿ ತಡ ಮಾಡಬೇಡಿ.

ಎರಡನೆಯದಾಗಿ, ಜುಜ್ದಾನನ್ನು ಕೂಡಲೇ ತೆಗೆಯಿರಿ. ನಾವು ಪ್ರೀತಿಯಿಂದ ಹೊಲಿದ ಕೆಂಪು, ಹಸಿರು ಬಟ್ಟೆಯ ಜುಜ್ದಾನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಬಣ್ಣ ಬಿಟ್ಟು ಅಂಚಿನ ಹಾಳೆಗಳಿಗೆ ಇಳಿಯುತ್ತದೆ. ಮುಂದೆ ಹೊಲಿಯುವಾಗ ಬಿಳಿ ಹತ್ತಿ ಬಟ್ಟೆಯನ್ನು ಒಮ್ಮೆ ಒಗೆದು ಹೊಲಿಯಿರಿ.

ಮೂರನೆಯದಾಗಿ, ದಫನ್ ಮಾಡಲು ಅವಸರ ಬೇಡ. ಓದಲಾಗದಷ್ಟು ಜೀರ್ಣವಾದ ಮುಸ್‌ಹಫನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ, ಕಾಲು ತುಳಿಯದ ಜಾಗದಲ್ಲಿ ದಫನ್ ಮಾಡುವುದು ಸರಿಯಾದ ಕ್ರಮವೇ. ಆದರೆ ನೆನೆದದ್ದೆಲ್ಲ ಜೀರ್ಣವಾದದ್ದಲ್ಲ. ಅಚ್ಚಾದ ಮುಸ್‌ಹಫ್‌ನ ಅಕ್ಷರ ನೀರಿಗೆ ಅಳಿಯುವುದಿಲ್ಲವೆಂದು ಆಗಲೇ ಹೇಳಿದೆ. ಒಣಗಿಸಿ, ಹೊಸ ರಟ್ಟು ಕಟ್ಟಿಸಿದರೆ ಅದೇ ಮುಸ್‌ಹಫ್‌ನಲ್ಲಿ ಇನ್ನೂ ಎಷ್ಟೋ ವರ್ಷ ತಿಲಾವತ್ ಮಾಡಬಹುದು. ಕೈಬರಹದ ಹಳೆಯ ಮುಸ್‌ಹಫ್ ಆಗಿದ್ದರಂತೂ ತಿಳಿದವರಿಗೆ ತೋರಿಸುವ ಮೊದಲು ಮಣ್ಣಿಗೆ ಕೊಡಬೇಡಿ. ಅಜ್ಜಂದಿರ ಕೈಬರಹ ಹೀಗೆ ಮಣ್ಣು ಸೇರಿದರೆ ಮತ್ತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬೂಷ್ಟು ಹಿಡಿದರೆ

ಬೂಷ್ಟು ಹಿಡಿದ ಪುಸ್ತಕವನ್ನು ಮನೆಯೊಳಗೆ ಕೊಡವಬೇಡಿ. ಅದರ ಪುಡಿ ಉಸಿರಿನೊಂದಿಗೆ ಒಳಸೇರುತ್ತದೆ. ದಮ್ಮು ಇರುವವರು, ಹಿರಿಯರು, ಚಿಕ್ಕಮಕ್ಕಳು ದೂರವಿರಲಿ. ಪುಸ್ತಕವನ್ನು ಬೇರೆ ಇಟ್ಟು ಮೊದಲು ಪೂರ್ತಿ ಒಣಗಿಸಿ. ನಂತರ ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ಕುಳಿತು, ಎನ್-95 ಮಾಸ್ಕ್ ಮತ್ತು ಗ್ಲೌಸ್ ಧರಿಸಿ, ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟು ಕಾಗದದೊಳಗೆ ಇಳಿಯುತ್ತದೆ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹತ್ತಿರ ತರಬೇಡಿ.

ಬೆಂಕಿಯ ವಿಷಯ

ನೀರಿನಲ್ಲಿ ಬಿದ್ದ ಪುಸ್ತಕಕ್ಕೆ ಎರಡು ದಿನದ ಅವಕಾಶವಿದೆ. ಬೆಂಕಿ ಅಷ್ಟು ಅವಕಾಶ ಕೊಡುವುದಿಲ್ಲ. ಮೈಸೂರಿನ ರಾಜೀವ್‌ನಗರದ ಕೂಲಿ ಕಾರ್ಮಿಕ ಸೈಯದ್ ಇಸಾಕ್ ತಾವು ಓದಲಾಗದಿದ್ದರೂ ಊರಿನವರು ಓದಲಿ ಎಂದು ಒಂದು ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿದ್ದರು. ಸುಮಾರು 11,000 ಪುಸ್ತಕಗಳು, ಅವುಗಳಲ್ಲಿ ಹೆಚ್ಚಿನವು ಕನ್ನಡದವು. ಕುರ್‌ಆನ್, ಬೈಬಲ್, ಭಗವದ್ಗೀತೆಯ ಪ್ರತಿಗಳೂ ಇದ್ದವು. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸುದ್ದಿ ಕೇಳಿ ಎಲ್ಲ ಧರ್ಮದ ಜನರು ಹಣ ಮತ್ತು ಪುಸ್ತಕ ಕೊಡಲು ಮುಂದೆ ಬಂದದ್ದು ಸಮಾಧಾನದ ಸಂಗತಿ. ಆದರೆ ಸುಟ್ಟದ್ದು ಸುಟ್ಟಿತು.

ಬೆಂಕಿಗೆ ಮದ್ದು ಮುಂಜಾಗ್ರತೆ ಮಾತ್ರ. ಹಳೆಯ ವೈರಿಂಗ್ ಪರೀಕ್ಷೆ ಮಾಡಿಸಿ. ಕಪಾಟಿನ ಹತ್ತಿರ ಅಗರಬತ್ತಿ, ಮೇಣದ ಬತ್ತಿ, ಸೊಳ್ಳೆ ಬತ್ತಿ ಹಚ್ಚಬೇಡಿ. ಸುಟ್ಟ ಪುಸ್ತಕದ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ದಪ್ಪ ಪುಸ್ತಕಗಳು ಅಂಚಿನಲ್ಲಿ ಕರಿಕಾಗಿದ್ದರೂ ನಡುವೆ ಬರಹ ಉಳಿದಿರುವುದುಂಟು. ನೋಡದೆ ಎಸೆಯಬೇಡಿ.

ಮಿರಗಕ್ಕೆ ಮೊದಲು ಅರ್ಧ ದಿನ

2025ರ ಸೆಪ್ಟೆಂಬರ್ ಕೊನೆಯ ಮಳೆ ಮತ್ತು ಪ್ರವಾಹದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳು ಪಟ್ಟ ಪಾಡು ನಮ್ಮ ಕಣ್ಣ ಮುಂದಿದೆ. ಭಾಲ್ಕಿ, ಔರಾದ್ ಕಡೆಯ ಮಾಂಜ್ರಾ ದಂಡೆಯ ಊರವರಿಗೆ ನದಿ ಉಕ್ಕುವುದೆಂದರೆ ಏನೆಂದು ಗೊತ್ತು. ಪ್ರತಿ ವರ್ಷ ಮಿರಗದ ಮಳೆಗೆ ಮೊದಲು ಅರ್ಧ ದಿನ ಬಿಡುವು ಮಾಡಿಕೊಂಡು ಈ ಕೆಲಸ ಮಾಡಿ.

ಸಂದೂಕ ತೆರೆದು ಕಾಗದಗಳನ್ನು ಎರಡು ಗುಂಪು ಮಾಡಿ. ಮತ್ತೆ ಸಿಗುವಂಥವು ಒಂದು ಕಡೆ. ಪಹಣಿ ಭೂಮಿ ಕೇಂದ್ರದಲ್ಲಿ ಸಿಗುತ್ತದೆ, ನೋಂದಾಯಿತ ಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ, ಅಂಕಪಟ್ಟಿಯ ಎರಡನೇ ಪ್ರತಿ ಮಂಡಳಿಯಿಂದ ಬರುತ್ತದೆ. ಓಡಾಟವಿದೆ, ಆದರೆ ಸಿಗುತ್ತವೆ. ಇನ್ನೊಂದು ಕಡೆ ಬೇರೆಲ್ಲೂ ಪ್ರತಿಯಿಲ್ಲದವು: ಅಜ್ಜ ಬರೆದ ವಂಶಾವಳಿ, ಹಕೀಮರ ಮನೆತನದ ಬಯಾಜ್, ನಾನಿಯ ಕೈಬರಹ, ಹಳೆಯ ಫೋಟೋಗಳು, ಮೂಲ ನಿಕಾಹ್‌ನಾಮೆ. ಆಪತ್ತಿನಲ್ಲಿ ಮೊದಲು ಎತ್ತಬೇಕಾದದ್ದು ಈ ಎರಡನೇ ಗುಂಪನ್ನು. ಇದನ್ನು ಬಾಯಿ ಬಿಗಿಯಾದ ಡಬ್ಬಿಯಲ್ಲೋ ಹಿಡಿಕೆಯಿರುವ ಚೀಲದಲ್ಲೋ ಹಾಕಿ, ಎತ್ತರದಲ್ಲಿಡಿ. ಹಾಕುವಾಗ ಕಾಗದ ಪೂರ್ತಿ ಒಣಗಿರಲಿ, ಒಳಗೆ ತೇವ ಸಿಕ್ಕಿಕೊಂಡರೆ ಬೂಷ್ಟು ಹಿಡಿಯುತ್ತದೆ.

ಎರಡೂ ಗುಂಪಿನ ಕಾಗದಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕಳುಹಿಸಿಡಿ. ಸರ್ಕಾರದ ಡಿಜಿಲಾಕರ್‌ನಲ್ಲಿ ಸಿಗುವ ದಾಖಲೆಗಳನ್ನು ಮಕ್ಕಳಿಂದ ಸೇರಿಸಿಕೊಳ್ಳಿ. ಮೂಲ ಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಅಂಚಿನಿಂದ ನೀರು ಒಳಹೊಕ್ಕರೆ ಹೊರಬರಲು ದಾರಿ ಇರುವುದಿಲ್ಲ.

ಕಪಾಟಿನ ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಗೋಡೆಗೂ ಕಪಾಟಿಗೂ ನಡುವೆ ಎರಡು ಮೂರು ಬೆರಳು ಗಾಳಿಯಾಡಲಿ. ತೇವ, ಗೆದ್ದಲು ಎರಡೂ ಬರುವುದು ಗೋಡೆಯಿಂದ ಮತ್ತು ನೆಲದಿಂದ. ಎತ್ತರದ ಕಪಾಟನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಸಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪವನ್ನು ನಮ್ಮ ಹಿರಿಯರು ಮರೆತಿಲ್ಲ.

ಇದರ ಜೊತೆಗೆ ಒಂದು ಚೀಲ ಸಿದ್ಧವಿರಲಿ: ದೊಡ್ಡ ಪ್ಲಾಸ್ಟಿಕ್ ತಾಡಪತ್ರೆ, ಗ್ಲೌಸ್, ಮಾಸ್ಕ್, ಬಿಳಿ ಕಾಗದ, ಬಟರ್ ಪೇಪರ್, ಹಳೆಯ ಮಲ್ಮಲ್, ಟಾರ್ಚ್, ಮೆತ್ತನೆಯ ಬ್ರಷ್. ಹೆಚ್ಚಿನವು ಮನೆಯಲ್ಲೇ ಇರುವ ವಸ್ತುಗಳು.

ಊರಿನ ಗ್ರಂಥಾಲಯ, ಮದ್ರಸದ ಕಪಾಟು

ನಮ್ಮ ಪಂಚಾಯತಿಗಳ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿಗೆ ನಿಮ್ಮ ಮಕ್ಕಳು ಹೋಗುತ್ತಾರೆ. ಮಸೀದಿಯ, ಮದ್ರಸದ ಕಪಾಟುಗಳಲ್ಲಿ ಹಿಂದಿನವರು ವಕ್ಫ್ ಮಾಡಿದ ಪುಸ್ತಕಗಳಿವೆ. ಅವುಗಳ ಪಟ್ಟಿ ಇದೆಯೇ ಎಂದು ಕೇಳಿ. ಪಟ್ಟಿ ಇಲ್ಲದಿದ್ದರೆ ಏನು ಹೋಯಿತೆಂಬುದೂ ತಿಳಿಯುವುದಿಲ್ಲ. ಪಟ್ಟಿಯ ಒಂದು ಪ್ರತಿ ಕಟ್ಟಡದ ಹೊರಗೆ ಇರಬೇಕು. ಬೀಗದ ಕೈ ಯಾರ ಬಳಿಯಿದೆ, ರಾತ್ರಿ ಮಳೆ ಬಂದರೆ ಯಾರಿಗೆ ಫೋನ್ ಮಾಡಬೇಕು, ಮೊದಲು ಯಾವ ಹಲಗೆಯ ಪುಸ್ತಕ ಎತ್ತಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಲು ಹೇಳಿ. ಎಸ್‌ಎಸ್‌ಎಲ್‌ಸಿ ಮುಗಿಸಿ ರಜೆಯಲ್ಲಿರುವ ಹೆಣ್ಣುಮಕ್ಕಳು ನಾಲ್ಕು ದಿನದಲ್ಲಿ ಇಂಥ ಪಟ್ಟಿ ಮಾಡಿ ಕೊಡಬಲ್ಲರು.

ಮನೆಯಲ್ಲಿ ಹಳೆಯ ಕೈಬರಹವಿದ್ದರೆ

75 ವರ್ಷಕ್ಕಿಂತ ಹಳೆಯದಾದ ಕೈಬರಹದ ಗ್ರಂಥವನ್ನು ಹಸ್ತಪ್ರತಿ ಎಂದು ಪರಿಗಣಿಸುತ್ತಾರೆ. ಅವುಗಳಿಗಾಗಿ ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭಿಸಿತು. 2025ರಲ್ಲಿ ಜ್ಞಾನ ಭಾರತಂ ಎಂಬ ಹೊಸ ಯೋಜನೆಯನ್ನು ಘೋಷಿಸಿತು. ನಮಗೆ ಹತ್ತಿರದ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಅರಬಿ, ಫಾರ್ಸಿ, ಉರ್ದು ಹಸ್ತಪ್ರತಿಗಳ ದೊಡ್ಡ ಸಂಗ್ರಹವೂ ಸಂರಕ್ಷಣೆಯ ಪ್ರಯೋಗಾಲಯವೂ ಇವೆ. ಅಂಥ ಕಡೆ ವಿಚಾರಿಸುವವರೆಗೆ ನೀವು ಮಾಡಬೇಕಾದದ್ದು ಇಷ್ಟೇ: ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಫೆವಿಕಾಲ್ ಬಳಿಯಬೇಡಿ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಜಾಗದಲ್ಲಿ, ಮಲಗಿಸಿ ಇಡಿ.

ಸಹೋದರಿಯರೇ, ಅಕ್ಕಿಯಲ್ಲಿ ಹುಳು ಬೀಳುವ ಮೊದಲೇ ಬಿಸಿಲಿಗೆ ಹಾಕುವವರು ನಾವು, ಉಪ್ಪಿನಕಾಯಿಯ ಭರಣಿಗೆ ಒದ್ದೆ ಚಮಚ ತಾಗದಂತೆ ಕಾಯುವವರು. ಅದೇ ಜಾಗರೂಕತೆಯನ್ನು ಮನೆಯ ಪುಸ್ತಕಗಳಿಗೂ ತೋರಿಸೋಣ. ಈ ವಾರವೇ ಒಂದು ಮಧ್ಯಾಹ್ನ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಸಂದೂಕ ತೆರೆಯಿರಿ. ಯಾವ ಕಾಗದ ಏನು, ಯಾವುದು ಯಾರ ಕೈಬರಹ, ನೀರು ಬಂದರೆ ಮೊದಲು ಯಾವುದನ್ನು ಎತ್ತಬೇಕು ಎಂದು ಅವಳಿಗೆ ಹೇಳಿಕೊಡಿ. ನೀವು ಮನೆಯಲ್ಲಿ ಇಲ್ಲದ ದಿನವೂ ಮಳೆ ಬರಬಹುದು.